ಫೋನಿನ ಫೋಟೊಗೆ ಎಂಥ ಕ್ಯಾಮೆರಾ? ಕರಾವಳಿಯ ಅಂಗಡಿಗಳ ಮುಂದಿರುವ ಲೆಕ್ಕಾಚಾರ

ಉಡುಪಿ: ಕಪ್ಪು ಗಾಜಿನ ಬೆನ್ನಿರುವ ಮೊಬೈಲ್ ಫೋನೊಂದನ್ನು ಮೇಜಿನ ಮೇಲಿಟ್ಟು ಫೋಟೊ ತೆಗೆದು ನೋಡಿ. ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಫೋನಲ್ಲ. ಮಾಡಿನಲ್ಲಿ ತಿರುಗುತ್ತಿರುವ ಫ್ಯಾನು, ಉದ್ದನೆಯ ಟ್ಯೂಬ್‌ಲೈಟು, ಬಾಗಿ ನಿಂತ ಛಾಯಾಗ್ರಾಹಕನ ಕೈ, ಎಲ್ಲವೂ ಆ ಗಾಜಿನಲ್ಲಿ ಹಾಜರಿರುತ್ತವೆ. ಮದುವೆಯ ಚಿತ್ರಗಳನ್ನು ಸೊಗಸಾಗಿ ತೆಗೆಯುವ ಅನುಭವಿಗಳೂ ಒಂದು ಫೋನು, ಒಂದು ಟಿವಿ, ಒಂದು ಜತೆ ಇಯರ್‌ಫೋನಿನ ಎದುರು ತಡವರಿಸುವುದುಂಟು. ಮನುಷ್ಯರ ಮುಖ ಬೆಳಕನ್ನು ಚದುರಿಸುತ್ತದೆ. ಎಲೆಕ್ಟ್ರಾನಿಕ್ ಸಾಧನಗಳು ಅದನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತವೆ. ಸಾಲದೆಂಬಂತೆ, ಅವುಗಳಿಗೆ ತಮ್ಮದೇ ಆದ, ಕ್ಷಣಕ್ಷಣಕ್ಕೂ ಮಿನುಗುವ ಬೆಳಕೂ ಇದೆ.

ಇದೇನೂ ಹವ್ಯಾಸಿಗಳ ತಲೆನೋವು ಮಾತ್ರವಲ್ಲ. ಉಡುಪಿ, ಕಾರ್ಕಳದಂಥ ಊರುಗಳ ಮೊಬೈಲ್ ಅಂಗಡಿಗಳಿಗೂ ಆನ್‌ಲೈನ್ ಮಾರಾಟದ ದಾರಿ ತೆರೆದಿದೆ. ಮಣಿಪಾಲದಂಥ ವಿದ್ಯಾರ್ಥಿಗಳ ಊರಿನಲ್ಲಿ ಕೋರ್ಸ್ ಮುಗಿಸಿ ಹೊರಡುವವರ ಲ್ಯಾಪ್‌ಟಾಪ್, ಹೆಡ್‌ಫೋನುಗಳು ಕೈ ಬದಲಾಗುವುದು ಸಾಮಾನ್ಯ. ಹೊಸ ಸಾಧನಗಳ ಬಗ್ಗೆ ಕನ್ನಡದಲ್ಲಿ, ತುಳುವಿನಲ್ಲಿ ವಿಡಿಯೊ ಮಾಡಬೇಕೆನ್ನುವ ಯುವಕರೂ ಇದ್ದಾರೆ. ಇವರೆಲ್ಲರೂ ಒಂದಲ್ಲ ಒಂದು ಹಂತದಲ್ಲಿ ಕೇಳುವ ಪ್ರಶ್ನೆ: ಯಾವ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳಬೇಕು?

ಗೀರು ಕಾಣದಿದ್ದರೆ ದೂರು

ಸೆಕೆಂಡ್ ಹ್ಯಾಂಡ್ ಫೋನುಗಳ ವ್ಯಾಪಾರದಲ್ಲಿ ಫೋಟೊ ಎಂಬುದು ಅಲಂಕಾರವಲ್ಲ, ಅದೊಂದು ಮಾತು ಕೊಟ್ಟಂತೆ. ಪರದೆಯ ಮೇಲಿನ ಕೂದಲೆಳೆಯಂಥ ಗೀರು, ಮೂಲೆಯಲ್ಲಿ ಬಿದ್ದ ತಗ್ಗು, ಚಾರ್ಜಿಂಗ್ ಕಿಂಡಿಯ ಸವೆತ ಚಿತ್ರದಲ್ಲಿ ಕಾಣಲಿಲ್ಲವೆಂದರೆ ಕೊಂಡವರು ಪಾರ್ಸೆಲ್ ಬಿಚ್ಚಿದ ದಿನವೇ ತಕರಾರು ಆರಂಭ. 2020ರ ಜುಲೈಯಲ್ಲಿ ಜಾರಿಗೆ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ, ಆನ್‌ಲೈನ್‌ನಲ್ಲಿ ಮಾರುವವರ ಜಾಹೀರಾತು ವಸ್ತುವಿನ ನಿಜವಾದ ಸ್ವರೂಪಕ್ಕೆ ಹೊಂದಿಕೆಯಾಗಿರಬೇಕು. ಅದೇ ತಿಂಗಳು ಜಾರಿಗೊಂಡ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶವಿದೆ. ಅಂದರೆ ಕಾರ್ಕಳದ ಅಂಗಡಿಯಿಂದ ಬೀದರಿಗೆ ಹೋದ ಫೋನಿನ ದೂರು ಬೀದರಿನ ಜಿಲ್ಲಾ ಆಯೋಗದಲ್ಲೇ ದಾಖಲಾಗಬಹುದು. ಹತ್ತು ಸಾವಿರ ರೂಪಾಯಿಯ ಫೋನಿಗಾಗಿ ರಾಜ್ಯದ ಈ ತುದಿಯಿಂದ ಆ ತುದಿಗೆ ಓಡಾಡುವ ಸ್ಥಿತಿಯನ್ನು ಯಾವ ವ್ಯಾಪಾರಿಯೂ ಬಯಸಲಾರ.

ಮೊಬೈಲ್‌ನಲ್ಲೇ ಫೋಟೊ ತೆಗೆದರಾಯಿತಲ್ಲ ಎಂಬ ವಾದದಲ್ಲಿ ಹುರುಳಿಲ್ಲದೇ ಇಲ್ಲ. ದಿನಕ್ಕೆ ಒಂದೆರಡು ಸಾಧನಗಳ ಚಿತ್ರ ಹಾಕುವವರಿಗೆ ಒಳ್ಳೆಯ ಫೋನು, ಒಂದು ಟ್ರೈಪಾಡು, ಕಿಟಕಿಯ ಬೆಳಕು ಧಾರಾಳವಾಗಿ ಸಾಕು. ಮೊಬೈಲ್‌ನ ಸೆನ್ಸರ್ ಚಿಕ್ಕದಾದ್ದರಿಂದ ವಸ್ತುವಿನ ಮುಂಭಾಗ, ಹಿಂಭಾಗ ಎರಡೂ ಸ್ಪಷ್ಟವಾಗಿ ಮೂಡುವ ಅನುಕೂಲವೂ ಇದೆ. ತೊಡಕು ಇರುವುದು ಬೇರೆಡೆ. ಫೋನಿನ ತಂತ್ರಾಂಶ ಚಿತ್ರವನ್ನು ತನ್ನಷ್ಟಕ್ಕೆ ನಯಗೊಳಿಸುತ್ತದೆ. ಕಲೆ ಎಂದುಕೊಂಡು ಸಣ್ಣ ಗೀರನ್ನೂ ಕೆಲವೊಮ್ಮೆ ಮಸುಕಾಗಿಸಿಬಿಡುತ್ತದೆ. ಮಾರುವವನಿಗೆ ಮೋಸ ಮಾಡುವ ಉದ್ದೇಶವಿಲ್ಲದಿದ್ದರೂ ಚಿತ್ರ ಮೋಸ ಮಾಡಿರುತ್ತದೆ. ಶಟರ್ ವೇಗ, ಬಣ್ಣದ ಸಮತೋಲನ ಮುಂತಾದವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವುದೂ ಫೋನಿನ ಸಾಮಾನ್ಯ ಕ್ಯಾಮೆರಾ ಆ್ಯಪ್‌ನಲ್ಲಿ ಕಷ್ಟ. ಮಾರಬೇಕಾದ ಫೋನು ಒಂದೇ ಇದ್ದು ಕ್ಯಾಮೆರಾವೂ ಅದೇ ಆಗಿದ್ದರೆ ಗತಿಯೇನು ಎಂಬ ಪ್ರಶ್ನೆ ಬೇರೆ!

ಕನ್ನಡಿ ಕಳಚಿದ ಕಥೆ

ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತಿತ್ತು. ಬೆಳಕನ್ನು ಮೇಲಕ್ಕೆ ತಿರುಗಿಸಿ ಕಣ್ಣಿನ ಕಿಂಡಿಗೆ ಕಳುಹಿಸುವುದು, ಕ್ಲಿಕ್ಕಿಸುವಾಗ ಟಕ್ಕನೆ ಎದ್ದು ದಾರಿ ಬಿಡುವುದು ಅದರ ಕೆಲಸ. 2008ರಲ್ಲಿ ಪ್ಯಾನಸಾನಿಕ್ ಸಂಸ್ಥೆ ಲೂಮಿಕ್ಸ್ ಜಿ1 ಎಂಬ ಮಾದರಿಯಲ್ಲಿ ಆ ಕನ್ನಡಿಯನ್ನೇ ತೆಗೆದುಹಾಕಿತು. ಸೆನ್ಸರಿನ ಮೇಲೆ ಬಿದ್ದ ಬಿಂಬವೇ ನೇರವಾಗಿ ಪುಟ್ಟ ಪರದೆಯಲ್ಲಿ ಕಾಣತೊಡಗಿತು. 2010ರಲ್ಲಿ ಸೋನಿಯ ಎನ್‌ಇಎಕ್ಸ್ ಸರಣಿ, 2013ರಲ್ಲಿ ಪೂರ್ಣ ಗಾತ್ರದ ಸೆನ್ಸರಿನ ಎ7, 2018ರಲ್ಲಿ ಕ್ಯಾನನ್‌ನ ಇಒಎಸ್ ಆರ್ ಮತ್ತು ನಿಕಾನ್‌ನ ಜೆಡ್ ಸರಣಿಗಳು ಬಂದ ಮೇಲೆ ಮಾರುಕಟ್ಟೆಯ ದಿಕ್ಕೇ ಬದಲಾಯಿತು.

ಸಾಧನಗಳ ಚಿತ್ರೀಕರಣಕ್ಕೆ ಇದರಿಂದ ಆದ ಉಪಕಾರ ದೊಡ್ಡದು. ಪರದೆಯಲ್ಲಿ ಕಾಣುತ್ತಿರುವುದೇ ಚಿತ್ರದಲ್ಲೂ ಬರುವುದರಿಂದ ಗಾಜಿನ ಮೇಲಿನ ಪ್ರತಿಫಲನ, ಪರದೆಯ ಪಟ್ಟೆ, ಬಣ್ಣದ ಏರುಪೇರು ಎಲ್ಲವೂ ಕ್ಲಿಕ್ಕಿಸುವ ಮೊದಲೇ ಗೊತ್ತಾಗುತ್ತದೆ. ಚಿತ್ರದ ಒಂದು ಭಾಗವನ್ನು ಹಿಗ್ಗಿಸಿ ಫೋಕಸ್ ಸರಿಹೊಂದಿಸಿಕೊಳ್ಳಬಹುದು. ಸ್ಪಷ್ಟವಾಗಿರುವ ಅಂಚುಗಳನ್ನು ಬಣ್ಣದ ಗೆರೆಯಿಂದ ತೋರಿಸುವ ಸೌಲಭ್ಯವೂ ಹಲವು ಮಾದರಿಗಳಲ್ಲಿದೆ.

ಐವತ್ತು ಮತ್ತು ಅರವತ್ತರ ಜಗಳ

ಕ್ಯಾಮೆರಾ ಕೊಂಡ ಮೊದಲ ವಾರ ಬಹುತೇಕರನ್ನು ಕಂಗೆಡಿಸುವುದು ವಿಡಿಯೊದಲ್ಲಿ ಫೋನಿನ ಪರದೆಯ ಮೇಲೆ ಹರಿದಾಡುವ ಕಪ್ಪು ಪಟ್ಟೆಗಳು. ಕ್ಯಾಮೆರಾ ಹಾಳಾಗಿದೆಯೆಂದು ಅಂಗಡಿಗೆ ಮರಳಿ ಒಯ್ಯುವವರೂ ಇಲ್ಲದಿಲ್ಲ. ದೋಷ ಕ್ಯಾಮೆರಾದ್ದಲ್ಲ, ಲೆಕ್ಕದ್ದು.

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದು. ಅದರಿಂದ ಉರಿಯುವ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಅದು ಕಾಣದು, ಸೆನ್ಸರಿಗೆ ಕಾಣುತ್ತದೆ. ಶಟರ್ ವೇಗವನ್ನು ಸೆಕೆಂಡಿನ 1/50 ಅಥವಾ 1/100 ಭಾಗಕ್ಕೆ ಇಟ್ಟರೆ ಆ ಅವಧಿಯಲ್ಲಿ ಪೂರ್ಣ ಸಂಖ್ಯೆಯ ಮಿನುಗುಗಳೇ ಬರುವುದರಿಂದ ಚಿತ್ರ ಸ್ಥಿರವಾಗಿರುತ್ತದೆ. ಭಾರತದಲ್ಲಿ ಕ್ಯಾಮೆರಾವನ್ನು ಪಾಲ್ ಪದ್ಧತಿಗೆ, ಅಂದರೆ ಸೆಕೆಂಡಿಗೆ 25 ಅಥವಾ 50 ಫ್ರೇಮಿಗೆ ಇಡಿ ಎಂದು ಬಲ್ಲವರು ಹೇಳುವುದು ಇದೇ ಕಾರಣಕ್ಕೆ.

ಆದರೆ ಮೊಬೈಲ್ ಪರದೆಗೆ ನಮ್ಮ ವಿದ್ಯುತ್ತಿನ ಹಂಗಿಲ್ಲ. ಅದು ಸೆಕೆಂಡಿಗೆ 60, 90 ಅಥವಾ 120 ಬಾರಿ ಹೊಸದಾಗುತ್ತದೆ. 1/50ರ ಶಟರಿನಲ್ಲಿ 60ರ ಪರದೆಯನ್ನು ಹಿಡಿದರೆ ಸಿಗುವುದು ಒಂದು ಪೂರ್ತಿ ಸುತ್ತು ಮತ್ತು ಇನ್ನೊಂದರ ಐದನೆಯ ಒಂದು ಭಾಗ. ಆ ಹೆಚ್ಚುವರಿ ಭಾಗವೇ ಪಟ್ಟೆಯಾಗಿ ಕಾಣುವುದು. ಶಟರನ್ನು 1/60ಕ್ಕೆ ಬದಲಿಸಿದರೆ ಪರದೆ ಶಾಂತವಾಗುತ್ತದೆ, ಕೋಣೆಯ ಟ್ಯೂಬ್‌ಲೈಟು ಕುಣಿಯತೊಡಗುತ್ತದೆ. ಒಂದನ್ನು ಸಮಾಧಾನಪಡಿಸಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ.

ಇದಕ್ಕೆ ದುಬಾರಿ ಕ್ಯಾಮೆರಾ ಉತ್ತರವಲ್ಲ, ಗೋಡೆಯ ಸ್ವಿಚ್ಚು ಉತ್ತರ. ಕೋಣೆಯ ದೀಪಗಳನ್ನು ಆರಿಸಿ, ಮಿನುಗದ ಎಲ್‌ಇಡಿ ಪ್ಯಾನೆಲ್ ಅಥವಾ ಕಿಟಕಿಯ ಬೆಳಕಿನಲ್ಲಿ ಚಿತ್ರೀಕರಿಸಿದರೆ ಶಟರನ್ನು ನಿಶ್ಚಿಂತೆಯಿಂದ 1/60ಕ್ಕೆ ಇಡಬಹುದು. 120ರ ಪರದೆಗೂ ಅದೇ ವೇಗ ಒಗ್ಗುತ್ತದೆ, ಎರಡು ಪೂರ್ಣ ಸುತ್ತು ಸಿಗುತ್ತದೆ. 90ರ ಪರದೆಗೆ ಮಾತ್ರ ಒಗ್ಗದು. ಫೋನಿನ ಸೆಟ್ಟಿಂಗಿನಲ್ಲಿ ಅದನ್ನು 60ಕ್ಕೆ ಇಳಿಸಿಕೊಳ್ಳುವುದು ಲೇಸು. ತಾನಾಗಿಯೇ ವೇಗ ಬದಲಿಸಿಕೊಳ್ಳುವ ದುಬಾರಿ ಫೋನುಗಳಿಗೂ ಇದೇ ಮದ್ದು. ಕೆಲವು ಒಎಲ್‌ಇಡಿ ಪರದೆಗಳು ಹೊಳಪು ತಗ್ಗಿಸಿದಾಗ ಬೇರೊಂದು ಲಯದಲ್ಲಿ ಮಿನುಗುವುದರಿಂದ ಹೊಳಪನ್ನು ಏರಿಸಿ ನೋಡುವುದೂ ಒಳ್ಳೆಯದು. ಇಷ್ಟಾದರೂ ಪಟ್ಟೆ ಬಿಡದಿದ್ದರೆ ಮಾತ್ರ ಶಟರ್ ವೇಗವನ್ನು ಬಿಂದುವಿನ ಆಚೆಗೂ ಹೊಂದಿಸಬಲ್ಲ ಕ್ಯಾಮೆರಾಗಳ ಬಗ್ಗೆ ಯೋಚಿಸಬೇಕು. ಸೋನಿ ಎ7 4ನೇ ಆವೃತ್ತಿಯಂಥ ಮೇಲ್ಮಟ್ಟದ ಮಾದರಿಗಳಲ್ಲಿ ಈ ಸೌಲಭ್ಯವಿದೆ.

ಸ್ಥಿರಚಿತ್ರಕ್ಕಾದರೆ ಇನ್ನೂ ಸುಲಭದ ಉಪಾಯವಿದೆ. ಕ್ಯಾಮೆರಾ ಟ್ರೈಪಾಡಿನ ಮೇಲಿದ್ದರೆ ಶಟರನ್ನು 1/20ಕ್ಕೆ ಇಳಿಸಬಹುದು. ಆ ಅವಧಿಯಲ್ಲಿ ಟ್ಯೂಬ್‌ಲೈಟು ಸರಿಯಾಗಿ 5 ಬಾರಿ ಮಿನುಗುತ್ತದೆ, 60ರ ಪರದೆ ಸರಿಯಾಗಿ 3 ಬಾರಿ ಹೊಸದಾಗುತ್ತದೆ. ಎರಡೂ ಕಡೆ ಲೆಕ್ಕ ಚುಕ್ತಾ.

ಟಿವಿಯ ಪರದೆಗೆ ಇನ್ನೊಂದು ಕಾಟ. ಅದರ ಚುಕ್ಕಿಗಳ ಜಾಲರಿಯೂ ಸೆನ್ಸರಿನ ಚುಕ್ಕಿಗಳ ಜಾಲರಿಯೂ ಒಂದರ ಮೇಲೊಂದು ಬಿದ್ದಾಗ, ಎರಡು ಸೊಳ್ಳೆಪರದೆಗಳನ್ನು ಸೇರಿಸಿ ಹಿಡಿದಾಗ ಕಾಣುವಂಥ ಅಲೆಗಳು ಮೂಡುತ್ತವೆ. ಇದಕ್ಕೆ ಮೊಯ್ರೆ ಎಂದು ಹೆಸರು. ಕ್ಯಾಮೆರಾವನ್ನು ಒಂದು ಗೇಣು ಹಿಂದೆ ಸರಿಸುವುದು, ಕೋನವನ್ನು ತುಸು ಬದಲಿಸುವುದು ಅಥವಾ ಫೋಕಸನ್ನು ಟಿವಿಯ ಚೌಕಟ್ಟಿನ ಮೇಲೆ ಇಡುವುದು ಇದಕ್ಕೆ ಪರಿಹಾರ.

ದೊಡ್ಡ ಸೆನ್ಸರ್ ಬೇಕೇ?

ಪೂರ್ಣ ಗಾತ್ರದ ಸೆನ್ಸರ್ ಇದ್ದರೆ ಎಲ್ಲವೂ ಚೆನ್ನ ಎಂಬ ನಂಬಿಕೆ ಬಲವಾಗಿದೆ. ಮುಖಚಿತ್ರಕ್ಕೆ, ರಾತ್ರಿಯ ಯಕ್ಷಗಾನಕ್ಕೆ ಆ ಮಾತು ಒಪ್ಪತಕ್ಕದ್ದೇ. ಮೇಜಿನ ಮೇಲಿನ ಸಾಧನಕ್ಕೆ ಅದೇ ಮಾತು ಅನ್ವಯಿಸದು.

ಎಪಿಎಸ್-ಸಿ ಎನ್ನಲಾಗುವ ಮಧ್ಯಮ ಗಾತ್ರದ ಸೆನ್ಸರನ್ನೇ ತೆಗೆದುಕೊಳ್ಳೋಣ. ಅಡ್ಡಲಾಗಿ ಮಲಗಿಸಿದ ಫೋನು ಚೌಕಟ್ಟು ತುಂಬುವಂತೆ ಹಿಡಿದು, ಲೆನ್ಸಿನ ರಂಧ್ರವನ್ನು ಎಫ್/2ಕ್ಕೆ ತೆರೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 6 ಮಿಲಿಮೀಟರ್ ಮಾತ್ರ. ಎಫ್/8ಕ್ಕೆ ಕಿರಿದಾಗಿಸಿದರೆ ಅದು ಎರಡೂವರೆ ಸೆಂಟಿಮೀಟರಿಗೆ ಏರುತ್ತದೆ, ಓರೆಯಾಗಿಟ್ಟ ಫೋನಿಗೆ ಹೆಚ್ಚುಕಡಿಮೆ ಸಾಕು. ಅದೇ ಚಾರ್ಜಿಂಗ್ ಕಿಂಡಿಯನ್ನು ನಿಜ ಗಾತ್ರದಲ್ಲಿ ಸೆನ್ಸರಿನ ಮೇಲೆ ಮೂಡಿಸಹೊರಟರೆ ಎಫ್/8ರಲ್ಲೂ ಒಂದು ಮಿಲಿಮೀಟರಿಗಿಂತ ಕಡಿಮೆ ಆಳ ಸಿಗುತ್ತದೆ. ಸೆನ್ಸರ್ ದೊಡ್ಡದಾದಷ್ಟೂ, ಅಷ್ಟೇ ಚೌಕಟ್ಟಿಗೆ ಈ ಆಳ ಇನ್ನಷ್ಟು ತೆಳ್ಳಗಾಗುತ್ತದೆ. ಅದನ್ನು ಸರಿದೂಗಿಸಲು ರಂಧ್ರವನ್ನು ಮತ್ತೆ ಕಿರಿದುಗೊಳಿಸಿ, ಬೆಳಕನ್ನು ಮತ್ತೆ ಹೆಚ್ಚಿಸಬೇಕು. ಹಣ ಕೊಟ್ಟು ಕೊಂಡ ಮಸುಕನ್ನು ಶ್ರಮಪಟ್ಟು ತೆಗೆಯುವ ಕೆಲಸವಿದು.

ಮೆಗಾಪಿಕ್ಸೆಲ್‌ಗಳ ಕಥೆಯೂ ಅಷ್ಟೇ. ಅಮೆಜಾನ್‌ನಂಥ ತಾಣದಲ್ಲಿ ಚಿತ್ರವನ್ನು ಹಿಗ್ಗಿಸಿ ನೋಡಲು ಉದ್ದನೆಯ ಬದಿ 1,000 ಪಿಕ್ಸೆಲ್ ಇದ್ದರೂ ಆದೀತು. 4ಕೆ ವಿಡಿಯೊದ ಒಂದು ಫ್ರೇಮಿನಲ್ಲಿರುವುದು ಸುಮಾರು 83 ಲಕ್ಷ ಪಿಕ್ಸೆಲ್. ಆರಂಭಿಕ ಮಾದರಿಗಳಲ್ಲಿರುವ 20ರಿಂದ 24 ಮೆಗಾಪಿಕ್ಸೆಲ್ ಇವೆರಡಕ್ಕೂ ಮಿಗಿಲೇ. ಕ್ಯಾಮೆರಾದ ಒಳಗಿನ ಅಲುಗಾಟ ನಿವಾರಣೆಗೆಂದು ಹೆಚ್ಚು ಹಣ ತೆರುವುದೂ ಟ್ರೈಪಾಡಿನ ಮೇಲೆ ಕೆಲಸ ಮಾಡುವವರಿಗೆ ವ್ಯರ್ಥ. ನಡೆದಾಡುತ್ತ ಮಾತಾಡುವವರ ಸಂಗತಿ ಬೇರೆ.

ಹೋಲಿಕೆಗೆ ಸಿಗುವ ಮಾದರಿಗಳು

ಲೆನ್ಸ್ ಸಮೇತ ಮುಕ್ಕಾಲು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಮೂರು ಹೆಸರುಗಳು ಮುಖ್ಯವಾಗಿ ಕೇಳಿಬರುತ್ತವೆ: 2021ರಲ್ಲಿ ಬಂದ ಸೋನಿ ಜೆಡ್‌ವಿ-ಇ10, 2022ರ ನಿಕಾನ್ ಜೆಡ್30, 2023ರ ಕ್ಯಾನನ್ ಆರ್50. ಮೂರಕ್ಕೂ ಹೊರಕ್ಕೆ ಮಡಚುವ ಪರದೆ, ಮೈಕ್ ಸಿಕ್ಕಿಸುವ ಕಿಂಡಿ, 4ಕೆ ವಿಡಿಯೊ ಇವೆ. ಮೂರರಲ್ಲೂ ಕ್ಯಾಮೆರಾದೊಳಗಿನ ಅಲುಗಾಟ ನಿವಾರಣೆ ಇಲ್ಲ.

ಸಾಧನಗಳ ವಿಮರ್ಶೆ ಮಾಡುವವರ ಕಷ್ಟ ಕಂಪನಿಗಳಿಗೂ ಅರ್ಥವಾಗಿದೆ. ಮಾತಾಡುತ್ತಿರುವವರು ವಸ್ತುವನ್ನು ಮುಂದಕ್ಕೆ ಹಿಡಿದಾಗ ಫೋಕಸ್ ಮುಖವನ್ನು ಬಿಟ್ಟು ವಸ್ತುವಿನತ್ತ ಜಿಗಿಯುವ ವಿಶೇಷ ವ್ಯವಸ್ಥೆ ಸೋನಿ ಜೆಡ್‌ವಿ-ಇ10ರಲ್ಲೂ ಕ್ಯಾನನ್ ಆರ್50ಯಲ್ಲೂ ಇದೆ. ಫ್ಯೂಜಿಫಿಲ್ಮ್ 2023ರಲ್ಲಿ ತಂದ ಎಕ್ಸ್-ಎಸ್20ರಲ್ಲೂ, ನಿಕಾನ್ 2024ರಲ್ಲಿ ತಂದ ಜೆಡ್50ರ 2ನೇ ಆವೃತ್ತಿಯಲ್ಲೂ ಇಂಥದ್ದೇ ಏರ್ಪಾಡಿದೆ. ಅಂಗೈಯನ್ನು ವಸ್ತುವಿನ ಹಿಂದೆ ಪರದೆಯಂತೆ ಹಿಡಿಯುವ ಹಳೆಯ ಕಸರತ್ತು ಇದರಿಂದ ತಪ್ಪಿದೆ.

ಸಣ್ಣ ವ್ಯತ್ಯಾಸಗಳೇ ಆಯ್ಕೆಯನ್ನು ನಿರ್ಧರಿಸುತ್ತವೆ. ಕಣ್ಣಿಟ್ಟು ನೋಡುವ ಕಿಂಡಿ ಮೂವರಲ್ಲಿ ಕ್ಯಾನನ್‌ಗೆ ಮಾತ್ರ ಇದೆ. ಧ್ವನಿಮುದ್ರಣವನ್ನು ಹೆಡ್‌ಫೋನಿನಲ್ಲಿ ಕೇಳಿಕೊಳ್ಳುವ ಕಿಂಡಿ ಸೋನಿಗೆ ಮಾತ್ರ ಇದೆ. ಇದನ್ನು ಅಲಕ್ಷಿಸುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ವಿಡಿಯೊದಲ್ಲಿ ಮಾತು ಎಷ್ಟು ಕೇಳುತ್ತಿದೆ, ಮಳೆ ಎಷ್ಟು ಕೇಳುತ್ತಿದೆ ಎಂಬುದು ಆಗಲೇ ಗೊತ್ತಾಗಬೇಕು. ಮನೆಗೆ ಹೋಗಿ ಎಡಿಟಿಂಗ್‌ಗೆ ಕುಳಿತಾಗ ಅಲ್ಲ. ಜೆಡ್30 ಒಂದೇ ಬಾರಿಗೆ 125 ನಿಮಿಷದವರೆಗೆ ಚಿತ್ರೀಕರಿಸಬಲ್ಲದು, ಆರ್50ಗೆ ಒಂದು ಗಂಟೆಯ ಮಿತಿ.

ಹೊಸದೆಲ್ಲ ಉತ್ತಮವೆಂದೂ ಭಾವಿಸಬೇಕಿಲ್ಲ. ಸೋನಿ 2024ರಲ್ಲಿ ಬಿಡುಗಡೆ ಮಾಡಿದ ಜೆಡ್‌ವಿ-ಇ10ರ 2ನೇ ಆವೃತ್ತಿ ವಿಡಿಯೊದಲ್ಲಿ ಮುಂದಿದೆ. ಆದರೆ ಅದರಲ್ಲಿ ಯಾಂತ್ರಿಕ ಶಟರ್ ಇಲ್ಲ. ಫ್ಲಾಶ್ ಬಳಸಿ ಸ್ಥಿರಚಿತ್ರ ತೆಗೆಯುವವರಿಗೆ ಇದು ತೊಡಕಾಗುತ್ತದೆ. ಅಂಥವರಿಗೆ ಹಳೆಯ ಆವೃತ್ತಿಯೇ ಹಿತ. ಒಂದು ಲಕ್ಷ ದಾಟಲು ಸಿದ್ಧರಿರುವವರು ಸೋನಿ ಎ6700ರಂಥ ಮಾದರಿಯತ್ತ ನೋಡಬಹುದು. ಸೆಕೆಂಡಿಗೆ 120 ಫ್ರೇಮಿನ 4ಕೆ, ಬಣ್ಣಗಳನ್ನು ಸೂಕ್ಷ್ಮವಾಗಿ ದಾಖಲಿಸುವ 10 ಬಿಟ್ ವಿಡಿಯೊ ಅದರಲ್ಲಿವೆ. ಅಂಗಡಿಯ ಫೋಟೊಗೆ ಇದರ ಅಗತ್ಯವಿಲ್ಲ, ಜಾಹೀರಾತು ಚಿತ್ರ ಮಾಡುವವರಿಗೆ ಇದೆ.

ಬರಿಯ ಸ್ಥಿರಚಿತ್ರವೇ ಸಾಕೆನ್ನುವವರಿಗೆ ಯಾರೂ ಹೇಳದ ಒಂದು ದಾರಿಯಿದೆ. ಮದುವೆ ಛಾಯಾಗ್ರಾಹಕರು ಮಿರರ್‌ಲೆಸ್‌ಗೆ ಬದಲಾದಂತೆ ಹಳೆಯ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿವೆ. ಮೇಜಿನ ಮೇಲೆ ಅಲುಗಾಡದೆ ಕುಳಿತ ವಸ್ತುವಿಗೆ ಅವು ಇಂದಿಗೂ ಹಳತಾಗಿಲ್ಲ. ಕ್ಯಾನನ್‌ನ ಹಳೆಯ ಇಎಫ್ ಲೆನ್ಸುಗಳನ್ನು ಅಡಾಪ್ಟರ್ ಮೂಲಕ ಹೊಸ ಆರ್ ಸರಣಿಗೂ ಜೋಡಿಸಬಹುದಾದ್ದರಿಂದ ಹಾಕಿದ ಹಣ ಪೂರ್ತಿ ಮುಳುಗುವುದೂ ಇಲ್ಲ.

ಲೆನ್ಸು, ನಂತರ ಬೆಳಕು

ಕ್ಯಾಮೆರಾ ಜೊತೆ ಬರುವ ಸಾಮಾನ್ಯ ಲೆನ್ಸು ಇಡೀ ಫೋನನ್ನು, ಲ್ಯಾಪ್‌ಟಾಪನ್ನು ತೋರಿಸಲು ಸಾಕು. ಗೀರು, ಕಿಂಡಿ, ಸರ್ಕಿಟ್ ಬೋರ್ಡು ತೋರಿಸಬೇಕೆಂದರೆ ಮ್ಯಾಕ್ರೊ ಲೆನ್ಸು ಬೇಕೇ ಬೇಕು. ಇಲ್ಲಿ ಕೇಳಬೇಕಾದ ಪ್ರಶ್ನೆ, ವಸ್ತುವಿಗೆ ಎಷ್ಟು ಹತ್ತಿರ ಹೋಗಬೇಕಾಗುತ್ತದೆ ಎಂಬುದು. ಸೋನಿಯ 30 ಮಿ.ಮೀ. ಮ್ಯಾಕ್ರೊ ಲೆನ್ಸು ಅಗ್ಗವಾದರೂ ಪೂರ್ಣ ಹಿಗ್ಗುವಿಕೆಗೆ ಲೆನ್ಸಿನ ತುದಿ ವಸ್ತುವಿನಿಂದ ಎರಡು ಬೆರಳಗಲದಷ್ಟು ಸನಿಹಕ್ಕೆ ಬರಬೇಕು. ಆಗ ಲೆನ್ಸಿನ ನೆರಳೇ ವಸ್ತುವಿನ ಮೇಲೆ ಬೀಳುತ್ತದೆ. ನಿಕಾನ್‌ನ 50 ಮಿ.ಮೀ. ಮ್ಯಾಕ್ರೊ ತುಸು ದೂರದಿಂದ ಕೆಲಸ ಮಾಡುತ್ತದೆ, 90 ಮಿ.ಮೀ.ನಂಥ ಉದ್ದನೆಯ ಲೆನ್ಸುಗಳು ಇನ್ನೂ ದೂರದಿಂದ. ಆಳ ಸಾಲದಾದಾಗ ಫೋಕಸನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹತ್ತಿಪ್ಪತ್ತು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸುವ ಪದ್ಧತಿಯೂ ಇದೆ.

ಪ್ರತಿಫಲನದ ಕಾಟಕ್ಕೆ ಬಹುತೇಕರು ಪೋಲರೈಜರ್ ಫಿಲ್ಟರ್ ಕೊಳ್ಳುತ್ತಾರೆ. ಗಾಜಿನ ಮೇಲೆ ಓರೆಯಾಗಿ ಬೀಳುವ ಬೆಳಕಿನ ಹೊಳಪನ್ನು ಅದು ತಗ್ಗಿಸುತ್ತದೆ, ಆದರೆ ಉಕ್ಕು, ಅಲ್ಯೂಮಿನಿಯಂನ ಹೊಳಪಿಗೆ ಅದು ನಾಟುವುದಿಲ್ಲ. ಅಲ್ಲದೆ ಎಲ್‌ಸಿಡಿ ಪರದೆಯಿಂದ ಹೊರಡುವ ಬೆಳಕೇ ಒಂದು ದಿಕ್ಕಿಗೆ ಧ್ರುವೀಕರಣಗೊಂಡಿರುವುದರಿಂದ ಫಿಲ್ಟರನ್ನು ತಪ್ಪಾಗಿ ತಿರುಗಿಸಿದರೆ ಉರಿಯುತ್ತಿರುವ ಪರದೆ ಪೂರಾ ಕಪ್ಪಾಗಿಬಿಡುತ್ತದೆ. ಅದಕ್ಕಿಂತ ಅಗ್ಗದ ಉಪಾಯ, ಕನ್ನಡಿಗೆ ನೋಡಲು ಚೆಂದದ್ದೇನಾದರೂ ಕೊಡುವುದು. ದೊಡ್ಡ ಬಿಳಿ ಥರ್ಮೊಕೋಲ್ ಹಲಗೆಯನ್ನು ಫೋನಿನ ಗಾಜಿನಲ್ಲಿ ಪ್ರತಿಫಲಿಸುವಂತೆ ನಿಲ್ಲಿಸಿದರೆ ಫ್ಯಾನು, ಟ್ಯೂಬ್‌ಲೈಟಿನ ಜಾಗದಲ್ಲಿ ನಯವಾದ ಬಿಳುಪು ಕಾಣುತ್ತದೆ. ಗೀರನ್ನು ತೋರಿಸಬೇಕಾದಾಗ ಇದರ ತದ್ವಿರುದ್ಧ: ಸುತ್ತ ಕಪ್ಪು ಬಟ್ಟೆ, ಒಂದೇ ಒಂದು ಸಣ್ಣ ದೀಪ ಮಗ್ಗುಲಿನಿಂದ. ಪ್ರತಿ ಗೀರೂ ಬೆಳ್ಳಿಯ ಎಳೆಯಂತೆ ಎದ್ದು ಕಾಣುತ್ತದೆ. ಪ್ರಾಮಾಣಿಕ ವ್ಯಾಪಾರಿ ಎರಡೂ ಚಿತ್ರಗಳನ್ನು ಹಾಕುವುದು ನ್ಯಾಯ. ಐಎಂಇಐ ಸಂಖ್ಯೆಯ ಚಿತ್ರವನ್ನು ದಾಖಲೆಗಾಗಿ ತೆಗೆದಿಟ್ಟುಕೊಳ್ಳಬಹುದು, ಸಾರ್ವಜನಿಕವಾಗಿ ಹಾಕಬಾರದು.

ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳದು ಎಂದು ವಿದೇಶಿ ಪುಸ್ತಕಗಳು ಹೇಳುತ್ತವೆ. ಉಡುಪಿ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ, ಶೂನ್ಯ ನೆರಳಿನ ದಿನದಂದು, ಸೂರ್ಯ ನಮ್ಮ ನೆತ್ತಿಯ ಮೇಲೆ ಹಾದು ಉತ್ತರಕ್ಕೆ ಸರಿಯುತ್ತಾನೆ; ಮರಳುವುದು ಆಗಸ್ಟ್ ಮೂರನೆಯ ವಾರದಲ್ಲಿ. ಮೇ ತಿಂಗಳ ಮಧ್ಯಾಹ್ನ ಇಲ್ಲಿನ ಉತ್ತರದ ಕಿಟಕಿಗೂ ಬಿಸಿಲು ಬಂದೀತು. ಜೂನ್ ನಂತರದ ಕಾರ್ಮೋಡದ ದಿನಗಳಲ್ಲಂತೂ ಬೆಳಕು ಗಂಟೆಗೊಂದು ಬಗೆ. ಹಾಗಾಗಿ ಕರಾವಳಿಯಲ್ಲಿ ಕಿಟಕಿಯನ್ನು ನಂಬಿ ವರ್ಷವಿಡೀ ವ್ಯಾಪಾರದ ಫೋಟೊ ತೆಗೆಯಲಾಗದು. ಸಾಫ್ಟ್‌ಬಾಕ್ಸ್ ಸಹಿತ ಎರಡು ಎಲ್‌ಇಡಿ ದೀಪಗಳಿಗೆ ಹಣ ಎತ್ತಿಟ್ಟುಕೊಂಡ ಮೇಲೆಯೇ ಕ್ಯಾಮೆರಾದ ಮಾತು. ಬ್ಯಾಟರಿಯಿಂದಲೂ ಉರಿಯುವ ದೀಪವಾದರೆ ಮಳೆಗಾಲದ ಕರೆಂಟ್ ಕಡಿತದಲ್ಲೂ ಕೆಲಸ ನಿಲ್ಲದು.

ಉಪ್ಪುಗಾಳಿ ಮತ್ತು ಬೂಷ್ಟು

ಬೆಂಗಳೂರಿನವರ ಸಲಹೆ ಕಾಪುವಿನಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸಿನಲ್ಲಿ ಮಳೆ ಸುರಿಯುತ್ತದೆ. ತಿಂಗಳುಗಟ್ಟಲೆ ತೇವ ತುಂಬಿದ ಗಾಳಿಯಲ್ಲಿ ಬ್ಯಾಗಿನೊಳಗೆ ಮುಚ್ಚಿಟ್ಟ ಲೆನ್ಸಿನ ಗಾಜಿನ ಮೇಲೆ ಜೇಡರಬಲೆಯಂಥ ಬೂಷ್ಟು ಬೆಳೆಯುತ್ತದೆ. ವ್ಯಾಪಾರಸ್ಥರ ಬಾಯಲ್ಲಿ ಇದಕ್ಕೆ ಫಂಗಸ್ ಎಂದೇ ಹೆಸರು. ಆರಂಭದಲ್ಲೇ ಶುಚಿಗೊಳಿಸದಿದ್ದರೆ ಅದು ಗಾಜಿನ ಲೇಪನವನ್ನೇ ತಿಂದುಹಾಕುತ್ತದೆ.

ತೇವಾಂಶವನ್ನು ಶೇ. 40ರಿಂದ 50ರ ನಡುವೆ ಕಾಯ್ದಿಡುವ ವಿದ್ಯುತ್ ಕಪಾಟು, ಅಂದರೆ ಡ್ರೈ ಕ್ಯಾಬಿನೆಟ್, ಇದಕ್ಕೆ ಸರಿಯಾದ ಪರಿಹಾರ. ಅಷ್ಟು ಹಣವಿಲ್ಲದವರು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು, ಜೊತೆಗೊಂದು ತೇವಮಾಪಕವನ್ನು ಇಟ್ಟುಕೊಳ್ಳಬಹುದು. ಬಣ್ಣ ಬದಲಿಸುವ ಜೆಲ್ಲಾದರೆ ಯಾವಾಗ ಬಿಸಿಮಾಡಿ ಒಣಗಿಸಬೇಕೆಂದು ತಿಳಿಯುತ್ತದೆ. ತೀರಾ ಒಣಗಿಸುವುದೂ ಸಲ್ಲ, ರಬ್ಬರಿನ ಭಾಗಗಳು ಬಿರುಸಾಗುತ್ತವೆ. ಚರ್ಮದ ಚೀಲ, ಬಟ್ಟೆಯ ಬೀರು ಇವೆರಡೂ ಬೂಷ್ಟಿನ ತವರು.

ಮಣಿಪಾಲದ ಎಸಿ ಕೋಣೆಯಿಂದ ಕ್ಯಾಮೆರಾವನ್ನು ದಿಢೀರನೆ ಹೊರಗೆ ತಂದರೆ ತಣ್ಣಗಿನ ಗಾಜಿನ ಮೇಲೆ ನೀರು ಕಟ್ಟುತ್ತದೆ. ಅರ್ಧ ಗಂಟೆ ಬ್ಯಾಗಿನಲ್ಲೇ ಬಿಟ್ಟು ತೆರೆಯುವುದು ಕ್ಷೇಮ. ಸ್ಪೀಕರು, ಸ್ಮಾರ್ಟ್ ವಾಚುಗಳನ್ನು 1901ರಷ್ಟು ಹಳೆಯ ಕಾಪು ದೀಪಸ್ತಂಭದ ಹಿನ್ನೆಲೆಯಲ್ಲಿಟ್ಟು ಚಿತ್ರೀಕರಿಸುವ ಆಸೆ ಸಹಜವೇ. ಆದರೆ ಆ ದಂಡೆಯಲ್ಲಿ ಲೆನ್ಸು ಬದಲಿಸಬಾರದು. ಮರಳಿದ ಕೂಡಲೇ ಕ್ಯಾಮೆರಾದ ಮೈಯನ್ನು ಒದ್ದೆ ಹಿಂಡಿದ ಬಟ್ಟೆಯಿಂದ, ಬಳಿಕ ಒಣಬಟ್ಟೆಯಿಂದ ಒರೆಸಬೇಕು. ಮಿರರ್‌ಲೆಸ್‌ನಲ್ಲಿ ಕನ್ನಡಿಯ ತಡೆಯಿಲ್ಲದ್ದರಿಂದ ಲೆನ್ಸು ತೆಗೆದ ಕ್ಷಣವೇ ಅನೇಕ ಮಾದರಿಗಳ ಸೆನ್ಸರು ಗಾಳಿಗೆ ತೆರೆದುಕೊಳ್ಳುತ್ತದೆ.

ಬೇಸಿಗೆಯ ಕಷ್ಟ ಇನ್ನೊಂದು. ಮಾತು ಸ್ಪಷ್ಟವಾಗಿ ಕೇಳಲೆಂದು ಫ್ಯಾನು ನಿಲ್ಲಿಸಿ, ಬಾಗಿಲು ಮುಚ್ಚಿ 4ಕೆ ವಿಡಿಯೊ ತೆಗೆಯುವಾಗ ಚಿಕ್ಕ ಕ್ಯಾಮೆರಾಗಳು ಬಿಸಿಯೇರಿ ತಾವಾಗಿಯೇ ಆರಿಹೋಗುವುದುಂಟು. ಪರದೆಯನ್ನು ಮೈಯಿಂದ ಹೊರಕ್ಕೆ ತೆರೆದಿಡುವುದು, ಹತ್ತು ನಿಮಿಷಕ್ಕೊಮ್ಮೆ ಬಿಡುವು ಕೊಡುವುದು ಇದ್ದುದರಲ್ಲಿ ಉತ್ತಮ.

ಬಿಲ್ಲು, ವಾರಂಟಿ

ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿಯನ್ನು 2018ರ ಡಿಸೆಂಬರಿನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ ಸಭೆ ಶೇ. 28ರಿಂದ 18ಕ್ಕೆ ಇಳಿಸಿತು. ಜಿಎಸ್‌ಟಿ ನೋಂದಣಿಯುಳ್ಳ ಅಂಗಡಿಯವರು ವ್ಯಾಪಾರಕ್ಕೆಂದೇ ಕ್ಯಾಮೆರಾ ಕೊಳ್ಳುವುದಾದರೆ ತಮ್ಮ ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಿಕೊಂಡು, ಆ ತೆರಿಗೆಯನ್ನು ಜಮೆ ಪಡೆಯುವ ಬಗ್ಗೆ ಲೆಕ್ಕಪರಿಶೋಧಕರಲ್ಲಿ ವಿಚಾರಿಸಬಹುದು. ಬಿಲ್ಲಿಲ್ಲದೆ ಕೆಲವು ಸಾವಿರ ಕಡಿಮೆಗೆ ಸಿಗುವ ವಿದೇಶಿ ಮಾಲಿಗೆ ಈ ಅನುಕೂಲವೂ ಇಲ್ಲ, ಭಾರತದ ವಾರಂಟಿಯೂ ಬಹುತೇಕ ಇರುವುದಿಲ್ಲ.

ಉಚಿತವಾಗಿ ಬಂದ ಸಾಧನದ ವಿಮರ್ಶೆ ಮಾಡುವವರು ಇನ್ನೊಂದನ್ನು ನೆನಪಿಡಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಕಂಪನಿಯಿಂದ ಹಣವನ್ನೋ ಉಡುಗೊರೆಯನ್ನೋ ಉಚಿತ ಸಾಧನವನ್ನೋ ಪಡೆದಿದ್ದರೆ ಅದನ್ನು ವೀಕ್ಷಕರಿಗೆ ಸ್ಪಷ್ಟವಾಗಿ, ಸರಳ ಭಾಷೆಯಲ್ಲಿ ತಿಳಿಸಬೇಕು. ವಿಡಿಯೊ ಆದರೆ ಕೆಳಗಿನ ಬರಹದಲ್ಲಿ ಹಾಕಿದರೆ ಸಾಲದು, ವಿಡಿಯೊದೊಳಗೇ ಹೇಳಬೇಕು.

ಸೆಕೆಂಡ್ ಹ್ಯಾಂಡ್ ಲೆನ್ಸು ಕೊಳ್ಳುವವರು ಅಂಗಡಿಗೆ ಹೋಗುವಾಗ ಸಣ್ಣ ಟಾರ್ಚೊಂದನ್ನು ಒಯ್ಯಬೇಕು. ಲೆನ್ಸಿನ ಒಂದು ಬದಿಯಿಂದ ಬೆಳಕು ಬಿಟ್ಟು, ಇನ್ನೊಂದು ಬದಿಯಿಂದ ಓರೆಯಾಗಿ ನೋಡಿದರೆ ಬೂಷ್ಟು ಅಡಗಿ ಕೂರಲಾರದು. ಹೊಸ ಕ್ಯಾಮೆರಾ ಕೊಳ್ಳುವವರು ಒಯ್ಯಬೇಕಾದದ್ದು ತಮ್ಮದೇ ಮೊಬೈಲ್ ಫೋನು. ಪರದೆಯನ್ನು ಬೆಳಗಿಸಿ ಅಂಗಡಿಯ ಮೇಜಿನ ಮೇಲಿಟ್ಟು, ಒಮ್ಮೆ 1/50ರಲ್ಲಿ, ಒಮ್ಮೆ 1/60ರಲ್ಲಿ ಅರ್ಧ ನಿಮಿಷ ವಿಡಿಯೊ ತೆಗೆಯಲಿ. ಬಳಿಕ ಫೋನನ್ನು ಕೈಯಲ್ಲಿ ಹಿಡಿದು ಕ್ಯಾಮೆರಾದತ್ತ ಚಾಚಿ, ಫೋಕಸ್ ಎಷ್ಟು ಬೇಗ ಅದರತ್ತ ಬರುತ್ತದೆ, ಕೈ ಹಿಂದೆಗೆದಾಗ ಎಷ್ಟು ಬೇಗ ಮುಖಕ್ಕೆ ಮರಳುತ್ತದೆ ಎಂದು ನೋಡಲಿ. ಇಷ್ಟಕ್ಕೆ ಐದು ನಿಮಿಷ ಸಾಕು. ಡಬ್ಬಿಯ ಸೀಲು ಒಡೆಯುವ ಮೊದಲು ಪ್ರದರ್ಶನಕ್ಕಿಟ್ಟ ಕ್ಯಾಮೆರಾದಲ್ಲೇ ಇದನ್ನು ಮಾಡಿಕೊಡುವಂತೆ ಕೇಳಬಹುದು.